ಒಂದು ಬೋಗುಣಿ ಆಲೂಗಡ್ಡೆ

ಡಿಸೆಂಬರ್ 25ರಂದು ಐರ್ಲೆಂಡಿನಲ್ಲಿ ರೈಲು ಓಡುವುದಿಲ್ಲ. ಡಬ್ಲಿನ್ ನಿಲ್ದಾಣದಿಂದ ಒಂದು ವಿಮಾನವೂ ಏಳುವುದಿಲ್ಲ. ಯಾರು ಎಲ್ಲಿದ್ದಾರೋ ಅಲ್ಲೇ ಇರಬೇಕಾದ ದಿನ ಅದು. ನರ್ಸ್ ಕೆಲಸಕ್ಕೆಂದು ಹೋದ ಮೊದಲ ವರ್ಷ ಆ ದಿನವನ್ನು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕಳೆದಿದ್ದೆ. ಕಿಟಕಿಯಿಂದ ನೋಡಿದರೆ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಎರಡನೆಯ ವರ್ಷ ನನಗೆ ರಜೆ ಸಿಕ್ಕಿದ್ದು ತಿಳಿದದ್ದೇ ತಡ, ಅದೇ ವಾರ್ಡಿನ ಗೆಳತಿ ನಮ್ಮೂರಿಗೆ ಬರುತ್ತೀಯಾ ಎಂದು ಕೇಳಲೂ ಇಲ್ಲ, ಟಿಕೆಟ್ ತೆಗೆದುಬಿಟ್ಟಳು. "ಅಮ್ಮನಿಗೆ ಹೇಳಿಯಾಗಿದೆ, ಹಾಸಿಗೆ ಹಾಸಿಯೂ ಆಗಿದೆ" ಅಂದಳು.

ಡಬ್ಲಿನ್‌ನಿಂದ ವೆಸ್ಟ್‌ಪೋರ್ಟಿಗೆ ಮೂರು ಗಂಟೆಗೂ ಮೀರಿದ ರೈಲು ದಾರಿ. ಸಂಜೆ ನಾಲ್ಕೂವರೆಯೊಳಗೆ ಹೊರಗೆ ಕತ್ತಲು ಕವಿಯತೊಡಗಿತ್ತು. ಮನೆ ತಲುಪಿದಾಗ ಮೊದಲು ಬಂದು ತಬ್ಬಿದ್ದು ಟರ್ಫ್ ಉರಿಯುವ ವಾಸನೆ. ಜೌಗುನೆಲದಿಂದ ಇಟ್ಟಿಗೆಯಂತೆ ಕಡಿದು, ಬೇಸಿಗೆಯಲ್ಲಿ ಒಣಗಿಸಿದ ಮಣ್ಣು ಅದು. ಒಲೆಯಲ್ಲಿ ನಿಧಾನವಾಗಿ ಕೆಂಪಾಗುತ್ತದೆ. ಗೆಳತಿ ಏಳು ಮಕ್ಕಳಲ್ಲಿ ಐದನೆಯವಳು. ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು, ತಾಯಿಯ ತಾಯಿ, ಪಕ್ಕದ ಮನೆಯ ಒಂಟಿ ಅಜ್ಜ, ಎಲ್ಲರೂ ಅಡುಗೆಮನೆಯಲ್ಲೇ. ಚಹಾ ಬೇಕೇ ಎಂದು ಕೇಳಿದರು, ಬೇಡ ಅಂದೆ. ಮತ್ತೆ ಕೇಳಿದರು, ಮತ್ತೆ ಬೇಡ ಅಂದೆ. ಮೂರನೆಯ ಸಲ ಲೋಟವೇ ಕೈಗೆ ಬಂತು. ನಮ್ಮೂರಲ್ಲೂ ಉಪಚಾರದ ವ್ಯಾಕರಣ ಇದೇ. ಆ ಕ್ಷಣಕ್ಕೆ ನನ್ನ ಅರ್ಧ ಸಂಕೋಚ ಕರಗಿತು.

ಮರುದಿನ ಬೆಳಿಗ್ಗೆ ಎಲ್ಲರೂ ಮರಿಸ್ಕ್ ಕಡೆಗೆ ನಡೆದೆವು. ಊರಿನವರು 'ರೀಕ್' ಎಂದು ಕರೆಯುವ ಕ್ರೋಗ್ ಪ್ಯಾಟ್ರಿಕ್ ಬೆಟ್ಟದ ಬುಡ ಅದು. ಬೆಟ್ಟದ ಎತ್ತರ 764 ಮೀಟರ್. ಜುಲೈ ತಿಂಗಳ ಕೊನೆಯ ಭಾನುವಾರ ಬರಿಗಾಲಲ್ಲಿ ಹತ್ತುವವರೂ ಇದ್ದಾರೆ. ಬುಡದಲ್ಲಿ ಸಮುದ್ರಕ್ಕೆ ಮುಖಮಾಡಿ ಕಂಚಿನ ಹಡಗೊಂದು ನಿಂತಿದೆ. ಶಿಲ್ಪಿ ಜಾನ್ ಬೀಹನ್, 1997ರಲ್ಲಿ ಅನಾವರಣಗೊಂಡದ್ದು. ದೂರದಿಂದ ಮೂರು ಕೂವೆಮರಗಳ ಸಾಧಾರಣ ಹಡಗು. ಹತ್ತಿರ ಹೋದರೆ ಹಗ್ಗಗಳ ಜಾಗದಲ್ಲಿ ಇರುವುದು ಅಸ್ಥಿಪಂಜರಗಳು, ಒಂದನ್ನೊಂದು ಹಿಡಿದುಕೊಂಡು ತೇಲುತ್ತಿರುವಂತೆ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಬಡವರಿಗೆ ಅದೊಂದೇ ಊಟ. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷದಷ್ಟು ಜನ ಹಡಗು ಹತ್ತಿದರು. ಹತ್ತಿದವರಲ್ಲೂ ಎಷ್ಟೋ ಮಂದಿ ಆಚೆ ದಡ ಕಾಣಲಿಲ್ಲ. ಈ ಊರುಗಳಿರುವ ಮೇಯೊ ಸೀಮೆಗೆ ಬಿದ್ದ ಪೆಟ್ಟು ದೊಡ್ಡದು. ಗೆಳತಿಯ ಅಪ್ಪ ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತರು. ಯಾರೂ ಮಾತಾಡಲಿಲ್ಲ. ಚಿಕ್ಕ ಮಕ್ಕಳೂ.

ಅಂದು ಮಧ್ಯಾಹ್ನ ಗೆಳತಿಯ ಅಮ್ಮ ನನ್ನ ಮುಂದೆ ಒಂದು ಬೋಗುಣಿ ಆಲೂಗಡ್ಡೆ, ಒಂದು ಸಿಪ್ಪೆ ಹೆರೆಯುವ ಚಾಕು ಇಟ್ಟು ಹೋದರು. "ದಯವಿಟ್ಟು" ಇಲ್ಲ, "ಬೇಸರವಿಲ್ಲ ತಾನೇ" ಇಲ್ಲ. ಆ ಕ್ಷಣ ನಾನು ಮರೆಯುವುದಿಲ್ಲ. ನೆಂಟರನ್ನು ಕೂರಿಸಿ ಬಡಿಸುತ್ತಾರೆ. ಮನೆಯವಳ ಕೈಗೆ ಕೆಲಸ ಕೊಡುತ್ತಾರೆ. ನಮ್ಮ ಮದುವೆಮನೆಯಲ್ಲೂ ಮಣೆ ಹಾಕಿ ಕೂರಿಸಿದವರಿಗಿಂತ, ಈಳಿಗೆಮಣೆ ಕೊಟ್ಟು ಕುಂಬಳಕಾಯಿ ಹೆಚ್ಚಲು ಹೇಳಿಸಿಕೊಂಡವರೇ ಹತ್ತಿರದವರು. ಎದುರಿಗೆ ಅಜ್ಜಿಯೂ ಕೂತು ಹೆರೆಯುತ್ತಿದ್ದರು. ತೊಂಬತ್ತು ವರ್ಷದ ಬೆರಳು. ಅವರು ತೆಗೆದ ಸಿಪ್ಪೆಯಲ್ಲಿ ಬೆಳಕು ಹಾಯುತ್ತಿತ್ತು, ಅಷ್ಟು ತೆಳು. ನಾನು ದಪ್ಪಗೆ ತೆಗೆದದ್ದನ್ನು ನೋಡಿ ಚಾಕು ಹಿಡಿಯುವ ಕೋನವನ್ನು ತಿದ್ದಿದರು. ಬೆಳಗಿನ ಹಡಗು ಕಣ್ಮುಂದೆ ಬಂತು.

ನಾನು ಮಾಂಸ ತಿನ್ನುವುದಿಲ್ಲ. ಮಾರನೆಯ ದಿನದ ಕ್ರಿಸ್‌ಮಸ್ ಊಟದ ಟರ್ಕಿ ಕೋಳಿ, ಹ್ಯಾಮ್, ಹೆಬ್ಬಾತಿನ ಕೊಬ್ಬಿನಲ್ಲಿ ಹುರಿಯುವ ಆಲೂಗಡ್ಡೆಯ ನಡುವೆ ನನ್ನ ಪಾಲಿಗೆ ಎಣ್ಣೆ ಸವರಿದ ಬೇರೆ ತಟ್ಟೆಯೊಂದು ಒಲೆ ಸೇರಲಿತ್ತು. ಯಾರೂ ತಪ್ಪಿ ಚಮಚ ಹಾಕಬಾರದೆಂದು ಅಮ್ಮ ಅದಕ್ಕೆ ನನ್ನ ಹೆಸರಿನ ಚೀಟಿ ಅಂಟಿಸಿದ್ದರು.

ಕತ್ತಲಾದ ಮೇಲೆ ಮನೆಯ ಅತಿ ಕಿರಿಯ ಮಗು ಕಿಟಕಿಯಲ್ಲಿ ಮೊಂಬತ್ತಿ ಹಚ್ಚಿತು. ತಂಗಲು ಜಾಗ ಸಿಗದೆ ಅಲೆಯುತ್ತಿದ್ದ ಮೇರಿ ಮತ್ತು ಜೋಸೆಫರಿಗೆ ಈ ಮನೆಯಲ್ಲಿ ಜಾಗವಿದೆ ಎಂಬ ಗುರುತು ಅದು. 1990ರಲ್ಲಿ ರಾಷ್ಟ್ರಾಧ್ಯಕ್ಷರಾದ ಮೇರಿ ರಾಬಿನ್ಸನ್ ಇದೇ ರೂಢಿಯನ್ನು ನೆನೆದು, ದೇಶ ಬಿಟ್ಟು ಹೋದವರಿಗಾಗಿ ತಮ್ಮ ಅಧಿಕೃತ ನಿವಾಸದ ಅಡುಗೆಮನೆಯ ಕಿಟಕಿಯಲ್ಲಿ ದೀಪವೊಂದನ್ನು ಇರಿಸಿದರು. ಗೆಳತಿಯ ಇಬ್ಬರು ಅಣ್ಣಂದಿರು ಆಸ್ಟ್ರೇಲಿಯಾದಲ್ಲಿದ್ದಾರೆ. ಮೊಂಬತ್ತಿ ಹೊತ್ತಿಕೊಂಡಾಗ ಅಮ್ಮ ಅವರಿಬ್ಬರ ಹೆಸರು ಹೇಳಿದರು, ಆಮೇಲೆ ನನ್ನತ್ತ ತಿರುಗಿ, "ನಿನ್ನ ಅಮ್ಮನ ಹೆಸರೇನು?" ಎಂದು ಕೇಳಿ, ಅದನ್ನೂ ಹೇಳಿದರು. ನಮ್ಮೂರು ತೀರ್ಥಹಳ್ಳಿಯಲ್ಲಿ ಆಗ ನಡುರಾತ್ರಿ. ನನ್ನ ಅಮ್ಮ ಮಲಗಿರುತ್ತಾಳೆ ಎಂದುಕೊಂಡೆ.

ಮರುದಿನ ಹಬ್ಬದ ಊಟ ಮುಗಿದು, ಎಲ್ಲರೂ ತೊಟ್ಟಿದ್ದ ಬಣ್ಣದ ಕಾಗದದ ಕಿರೀಟಗಳು ಓರೆಯಾದ ಹೊತ್ತಿಗೆ ಹಾಡು ಶುರುವಾಯಿತು. ಅಲ್ಲಿ 'ನೋಬಲ್ ಕಾಲ್' ಎಂಬ ಪದ್ಧತಿ: ಹಾಡಿ ಮುಗಿಸಿದವರು ಮುಂದಿನವರನ್ನು ಕರೆಯಬೇಕು, ಕರೆಸಿಕೊಂಡವರು ಹಾಡಲೇಬೇಕು. ಅಜ್ಜಿ ಕಾನೆಮಾರದವರು, ಐರಿಷ್ ಭಾಷೆಯಲ್ಲೇ ಬೆಳೆದವರು. 'ಶಾನ್ ನೋಸ್', ಅಂದರೆ ಹಳೆಯ ರೀತಿ ಎಂಬ ಶೈಲಿಯಲ್ಲಿ ಹಾಡಿದರು. ವಾದ್ಯವಿಲ್ಲ, ತಾಳವಿಲ್ಲ, ಕಣ್ಣು ಮುಚ್ಚಿದ ಒಂದೇ ದನಿ, ಸ್ವರದ ಅಂಚಿನಲ್ಲಿ ನಮ್ಮ ಗಮಕದಂಥ ಸಣ್ಣ ನಡುಕ. ಪಕ್ಕದಲ್ಲಿ ಕೂತ ಮಗಳು ಅವರ ಕೈಹಿಡಿದು, ಹಾಡಿನ ನಡೆಗೆ ತಕ್ಕಂತೆ ನಿಧಾನವಾಗಿ ತಿರುಗಿಸುತ್ತಿದ್ದರು. ಹಾಡುವವರು ಒಂಟಿಯಾಗಬಾರದೆಂಬ ಹಾಗೆ.

ಹಾಡು ಮುಗಿಸಿ ಅಜ್ಜಿ ನನ್ನನ್ನು ಕರೆದರು.

ನನ್ನ ಅಜ್ಜಿ ಹೇಳಿಕೊಟ್ಟ ಪುರಂದರದಾಸರ ದೇವರನಾಮವೊಂದನ್ನು ಎತ್ತಿಕೊಂಡೆ. ಎಷ್ಟೋ ವರ್ಷವಾಗಿತ್ತು ಹಾಡಿ. ಎರಡನೆಯ ನುಡಿಗೆ ಗಂಟಲು ಕಟ್ಟಿತು. ಆಗ ಒರಟು, ಬೆಚ್ಚನೆಯ ಕೈಯೊಂದು ನನ್ನ ಕೈ ಹಿಡಿಯಿತು. ಒಂದು ಪದವೂ ಅರ್ಥವಾಗದ ಅಜ್ಜಿ ಅದನ್ನು ಮೆಲ್ಲಗೆ, ನೀರು ಸೇದುವ ರಾಟೆಯಂತೆ ತಿರುಗಿಸತೊಡಗಿದರು. ಮರೆತ ಸಾಲು ಬಂತು. ಅದರ ಹಿಂದೆ ಉಳಿದವೂ ಬಂದವು.

ಮುಗಿದ ಮೇಲೂ ಅವರು ಕೈ ಬಿಡಲಿಲ್ಲ. "ಈಗ ನೀನು ಯಾರನ್ನು ಕರೆಯುತ್ತೀ?" ಎಂದರು. ಟರ್ಫ್ ಒಲೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದ ಗೆಳತಿಯ ಅಪ್ಪನ ಹೆಸರು ಹೇಳಿದೆ.