ಹಳೆಯ ಜೀಪಿಗೆ ಬಣ್ಣ

ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆಗಳ ಸೀಮೆಯಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು ಒಳಕ್ಕೆ ಹೊರಳಿದ ಕೆಮ್ಮಣ್ಣಿನ ದಾರಿಗಳಲ್ಲಿ, ಹಳ್ಳವನ್ನು ದಾಟಿ ದಿಬ್ಬವನ್ನೇರಿ ತೋಟದ ಮನೆಗಳನ್ನು ಮುಟ್ಟುವ ಹಳೆಯ ಮಹೀಂದ್ರ ಜೀಪುಗಳು ಇಂದಿಗೂ ಉಳಿದುಕೊಂಡು ಬಂದಿರುವುದಕ್ಕೆ, ಅವುಗಳನ್ನು ಮನೆಯ ಅಂಗಳದಲ್ಲಿಯೇ ಬಿಚ್ಚಿ, ತಿದ್ದಿ, ಮರಳಿ ಜೋಡಿಸಲು ಸಾಧ್ಯವಾಗುವುದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. 1941ರಿಂದ ಮಹಾಯುದ್ಧದ ಅವಸರದಲ್ಲಿ ಅಮೆರಿಕದ ವಿಲ್ಲಿಸ್ ಕಾರ್ಖಾನೆಯು ಸೈನ್ಯಕ್ಕಾಗಿ ನಿರ್ಮಿಸಿದ ವಾಹನದ ವಂಶವೇ 1947ರಲ್ಲಿ ಮುಂಬಯಿಯಲ್ಲಿ ಜೋಡಣೆಗೊಳ್ಳತೊಡಗಿ, ಕಾಲಕ್ರಮದಲ್ಲಿ ನಮ್ಮ ಘಟ್ಟದ ದಾರಿಗಳಿಗೆ ಬಂದು ಸೇರಿತು. ಚಪ್ಪಟೆಯಾದ ತಗಡು, ಕಣ್ಣಿಗೆ ಕಾಣುವ ಬೋಲ್ಟುಗಳು, ಮುಂದಕ್ಕೆ ಮಡಿಸಬಹುದಾದ ಗಾಜಿನ ಚೌಕಟ್ಟು, ಕಳಚಿಡಬಹುದಾದ ಟಾಪು: ಇಷ್ಟು ಸರಳವಾದ ಆಕೃತಿಯುಳ್ಳ ವಾಹನಕ್ಕೆ ಮನೆಯವರ ಕೈಯಿಂದಲೇ, ಅಲ್ಪವೆಚ್ಚದಲ್ಲಿ ಬಣ್ಣವಾಗುವುದನ್ನು ಹಣದ ಅಭಾವದಿಂದ ಒಪ್ಪಿಕೊಂಡ ಕೆಳದರ್ಜೆಯ ಏರ್ಪಾಡೆಂದು ಭಾವಿಸುವವರನ್ನು ನಾನು ಒಪ್ಪಲಾರೆ. ದುಡಿಯುವ ಜೀಪಿಗೆ ಅದೇ ಉಚಿತವಾದ ಮಾರ್ಗ.

ಆದರೆ ಬಣ್ಣದ ಡಬ್ಬವನ್ನು ತೆರೆಯುವುದಕ್ಕೆ ಮುಂಚೆ ತುಕ್ಕಿನ ಇತಿಹಾಸವನ್ನು ಓದಿಕೊಳ್ಳಬೇಕು. ಕಬ್ಬಿಣಕ್ಕೆ ನೀರೂ ಗಾಳಿಯೂ ಸೇರಿದರೆ ತುಕ್ಕು ಹುಟ್ಟುವುದೆಂಬುದು ಶಾಲೆಯ ಹುಡುಗರಿಗೂ ಗೊತ್ತು. ತೋಟದ ಜೀಪಿನ ಪಾಡು ಅಷ್ಟಕ್ಕೇ ನಿಲ್ಲುವುದಿಲ್ಲ. ಹಿಂಭಾಗದಲ್ಲಿ ಹೇರಿದ ಪೊಟ್ಯಾಷ್ ಗೊಬ್ಬರದ ಚೀಲದಿಂದ ಉದುರಿದ ಪುಡಿಯಲ್ಲಿ ಕ್ಲೋರೈಡು ಇರುವುದರಿಂದ, ಅದು ಗಾಳಿಯ ತೇವವನ್ನು ಹೀರಿಕೊಂಡು, ಸಮುದ್ರತೀರದ ಉಪ್ಪುಗಾಳಿಯು ಮಾಡುವ ಕೆಲಸವನ್ನೇ ಘಟ್ಟದ ಮೇಲೆಯೂ ಮಾಡುತ್ತದೆ. ಅಡಕೆಯ ಕೊಳೆರೋಗಕ್ಕೆಂದು ಮೈಲುತುತ್ತವನ್ನು ಕರಗಿಸಿ ಡ್ರಮ್ಮುಗಳಲ್ಲಿ ಸಾಗಿಸುವಾಗ, ಸುಣ್ಣ ಬೆರೆಸುವುದಕ್ಕೆ ಮೊದಲೇ ಅದು ತುಳುಕಿ ಬಣ್ಣ ಹೋದ ತಗಡಿನ ಮೇಲೆ ಬಿದ್ದರೆ, ದ್ರಾವಣದಲ್ಲಿನ ತಾಮ್ರವು ಕಬ್ಬಿಣದ ಮೇಲೆ ಕುಳಿತು ಕಬ್ಬಿಣವು ಕರಗಿ ಹೋಗುತ್ತದೆ. ಇವೆರಡಕ್ಕೂ ಆಶ್ರಯ ಕೊಡುವುದು ನೆಲದ ಮೇಲೆ ಹಾಸಿದ ರಬ್ಬರ್ ಮ್ಯಾಟು. ಮೇಲೆ ನೋಡಿದರೆ ಅಚ್ಚುಕಟ್ಟಾಗಿ ಕಾಣುವ ಆ ಹಾಸನ್ನು ಎತ್ತಿದಾಗಲೇ, ಮಳೆಗಾಲದ ನೀರು ಎಷ್ಟು ತಿಂಗಳು ಅಲ್ಲಿ ಅಲುಗಾಡದೆ ನಿಂತಿತ್ತೆಂಬುದು ತಿಳಿಯುತ್ತದೆ. ಗಾಜಿನ ಚೌಕಟ್ಟಿನ ಕೀಲುಗಳ ಕೆಳಗೆ, ಸ್ಟೆಪ್ನಿಯ ಆಧಾರದ ಹಿಂದೆ, ತಗಡು ತಗಡನ್ನು ಸಂಧಿಸುವ ಪ್ರತಿಯೊಂದು ಸೇರುವೆಯಲ್ಲಿ ಇದೇ ಕಥೆ.

ಆದುದರಿಂದ ಕೆಲಸದ ಬಹುಭಾಗವು ಕೆರೆಯುವುದರಲ್ಲಿಯೇ ಕಳೆಯುತ್ತದೆ. ತಂತಿಯ ಬ್ರಷ್ಷಿನಿಂದ ಹೊಪ್ಪಳೆಗಳನ್ನು ಎಬ್ಬಿಸಿ, 80ರ ಉಪ್ಪು ಕಾಗದದಿಂದ ಆರಂಭಿಸಿ 220, 400 ಎಂದು ನಯದ ಕಡೆಗೆ ಸಾಗುತ್ತಿರುವಾಗ ಅಂಗೈಗೆ ತಗಡಿನ ಪರಿಚಯವಾಗುತ್ತದೆ. ಎಲ್ಲಿ ಅದು ತೆಳುವಾಗಿದೆ, ಎಲ್ಲಿ ಹಿಂದಿನವರು ಗುಂಡಿಯನ್ನು ಪುಟ್ಟಿಯಿಂದ ಮುಚ್ಚಿ ಮರೆಮಾಡಿದ್ದಾರೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಹಳೆಯ ಬಣ್ಣದ ಪದರಗಳಲ್ಲಿ ಸೀಸವಿರುವ ಸಂಭವ ಉಂಟು. ಒಣಗಿದ ಮೈಯನ್ನು ಉಜ್ಜಿ ಧೂಳೆಬ್ಬಿಸದೆ, ವಾಟರ್ ಪೇಪರಿನಿಂದ ನೀರು ಹಾಕುತ್ತ ಉಜ್ಜುವುದು, ಮೂಗಿಗೆ ತಕ್ಕ ಮುಸುಕು ಧರಿಸುವುದು, ಮಕ್ಕಳನ್ನು ದೂರವಿಡುವುದು, ಉಜ್ಜಿದ ಕೆಸರು ಬಾವಿಯ ಕಡೆಗೆ ಹರಿಯದಂತೆ ನೋಡಿಕೊಳ್ಳುವುದು ಅವಶ್ಯ. ತೂತು ಬಿದ್ದಲ್ಲಿ ಪುಟ್ಟಿಯನ್ನು ತುಂಬುವುದು ಆತ್ಮವಂಚನೆ. ಪುಟ್ಟಿಯು ನೀರನ್ನು ಹೀರಿಕೊಂಡು ಒಳಗಿನಿಂದಲೇ ತುಕ್ಕನ್ನು ಪೋಷಿಸುತ್ತದೆ. ಅಂಥಲ್ಲಿ ಪೇಟೆಯ ವೆಲ್ಡಿಂಗ್ ಅಂಗಡಿಯವರಿಂದ ತಗಡಿನ ತೇಪೆಯನ್ನೇ ಹಾಕಿಸತಕ್ಕದ್ದು. ಉಳಿತಾಯ ಮಾಡಬಾರದ ಖರ್ಚು ಇದೊಂದು.

ಕೆರೆದ ತಗಡನ್ನು ರಾತ್ರಿ ಬರಿಮೈಯಲ್ಲಿ ಬಿಡಕೂಡದು. ಮಲೆನಾಡಿನ ಇಬ್ಬನಿಯು ಬೆಳಗಾಗುವಷ್ಟರಲ್ಲಿ ಅದರ ಮೇಲೆ ಕೆಂಪು ಛಾಯೆಯನ್ನು ಎಳೆದಿರುತ್ತದೆ. ಒಂದು ದಿನಕ್ಕೆ ಎಷ್ಟನ್ನು ಕೆರೆದು, ಟಿನ್ನರಿನಿಂದ ಜಿಡ್ಡು ಒರೆಸಿ, ರೆಡ್ ಆಕ್ಸೈಡ್ ಪ್ರೈಮರನ್ನು ಹಚ್ಚಿ ಮುಗಿಸಬಹುದೋ ಅಷ್ಟನ್ನೇ ಕೈಗೆತ್ತಿಕೊಳ್ಳುವುದು ವಿವೇಕ. ಶಿವರಾತ್ರಿಯಿಂದ ಯುಗಾದಿಯವರೆಗಿನ ಅವಧಿ ಇದಕ್ಕೆ ಪ್ರಶಸ್ತ. ಅಡಕೆಯ ಕೊಯ್ಲು ಮುಗಿದು ಅಂಗಳ ತೆರವಾಗಿರುತ್ತದೆ, ಬೇಸಿಗೆಯ ಗುಡುಗುಮಳೆ ಇನ್ನೂ ಬಲಿತಿರುವುದಿಲ್ಲ.

ಬಣ್ಣದ ಜಾತಿಯನ್ನು ಕುರಿತು ಅನೇಕರು ಅನೇಕ ವಿಧವಾಗಿ ವಾದಿಸುತ್ತಾರೆ. ಎರಡು ಡಬ್ಬಗಳನ್ನು ಬೆರೆಸಿ ಸಿಂಪಡಿಸುವ ಪಿ.ಯು. ಬಣ್ಣಕ್ಕೆ ಅಪೂರ್ವವಾದ ಕಾಂತಿಯಿದೆ, ನಿಜ. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟುಗಳು ಶ್ವಾಸಕೋಶಕ್ಕೆ ಕಡುವೈರಿಗಳಾದುದರಿಂದ, ಹೊರಗಿನ ಶುದ್ಧ ಗಾಳಿಯನ್ನು ಒದಗಿಸುವ ಮುಖವಾಡವಿಲ್ಲದ ಮನೆಯ ಕೊಟ್ಟಿಗೆಯಲ್ಲಿ ಅದಕ್ಕೆ ಸ್ಥಳವಿಲ್ಲ. ಬೇಗನೆ ಆರುವ ಎನ್.ಸಿ. ಬಣ್ಣವು ಆರುವ ರಭಸದಲ್ಲಿ ಮೇಲ್ಮೈಯನ್ನು ತಂಪಾಗಿಸಿ, ತೇವದ ದಿನಗಳಲ್ಲಿ ಗಾಳಿಯ ನೀರನ್ನು ತನ್ನ ಮೇಲೆಯೇ ಇಳಿಸಿಕೊಂಡು ಬೂದುಗಟ್ಟುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಸಿಂಥೆಟಿಕ್ ಎನಾಮೆಲ್ಲಾದರೋ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗತಕ್ಕದ್ದು. ಆ ನಿಧಾನವೇ ನಮಗೆ ಉಪಕಾರಿ. ಬ್ರಷ್ಷು ಬಿಟ್ಟ ಗೆರೆಗಳು ತಾವಾಗಿಯೇ ಸಮವಾಗಲು ಅವಕಾಶ ದೊರೆಯುತ್ತದೆ. ಟರ್ಪೆಂಟೈನಿನಿಂದ ತೆಳುಮಾಡಿ, ಫೋಮಿನ ಸಣ್ಣ ರೋಲರಿನಿಂದ ಹಗುರವಾಗಿ ಹಚ್ಚಿ, ಪೂರಾ ಆರಿದ ಮೇಲೆ 600ರ ವಾಟರ್ ಪೇಪರಿನಿಂದ ತಡವಿ, ಮತ್ತೊಂದು ತೆಳುಪದರವನ್ನು ಕೊಡುತ್ತ ಹೋದರೆ, ಕಂಪ್ರೆಸರಿನ ಬಾಡಿಗೆಯಿಲ್ಲದೆ ಕಣ್ಣಿಗೆ ಹಿತವಾದ ಮೈ ಸಿದ್ಧವಾಗುತ್ತದೆ. ದಪ್ಪನಾಗಿ ಒಮ್ಮೆಗೇ ಬಳಿದದ್ದು ಇಳಿದು ಸುಕ್ಕುಗಟ್ಟುವುದು ಶತಸ್ಸಿದ್ಧ.

ಜೀಪೆಂದೊಡನೆ ಮನಸ್ಸು ಸೈನ್ಯದ ಆಲಿವ್ ಹಸಿರಿನ ಕಡೆಗೆ ಧಾವಿಸುತ್ತದೆ. ಆ ಮೋಹವನ್ನು ನಾನೂ ಬಲ್ಲೆ. ಆದರೆ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ 121ನೆಯದು ರಕ್ಷಣಾ ಇಲಾಖೆಗೆ ಸೇರದ ವಾಹನಗಳಿಗೆ ಆ ಬಣ್ಣವನ್ನು ನಿಷೇಧಿಸಿದೆ. ಬೇರೆ ಯಾವ ಬಣ್ಣಕ್ಕೆ ಬದಲಾಯಿಸುವುದಾದರೂ ಆರ್.ಟಿ.ಓ. ಕಚೇರಿಗೆ ತಿಳಿಸಿ ನೋಂದಣಿ ಪುಸ್ತಕದಲ್ಲಿ ಬರೆಯಿಸಿಕೊಳ್ಳುವುದು ಕ್ಷೇಮ. ಪುಸ್ತಕದಲ್ಲಿರುವ ಬಣ್ಣವನ್ನೇ ಉಳಿಸಿಕೊಳ್ಳುವವರಿಗೆ ಆ ಅಲೆದಾಟವೂ ಇಲ್ಲ. ಅಂಗಡಿಯಲ್ಲಿ ಡಬ್ಬದಲ್ಲಿ ಸಿದ್ಧವಾಗಿ ಸಿಗುವ ಛಾಯೆಯನ್ನೇ ಆರಿಸಿಕೊಳ್ಳುವುದು ಮೇಲು. ಬೆರೆಸಿ ಮಾಡಿದ ಬಣ್ಣವು ಎರಡನೆಯ ಬಾರಿ ಅದೇ ಆಗಿ ಒದಗುವುದು ದುರ್ಲಭ.

ಏಕೆಂದರೆ ಈ ಜೀಪಿಗೆ ಬಣ್ಣದ ಅಗತ್ಯ ಮರಳಿ ಮರಳಿ ಬೀಳುತ್ತದೆ. ಬೇಲಿಯ ಮುಳ್ಳು ಗೀರುತ್ತದೆ, ಚೀಲಗಳು ಉಜ್ಜುತ್ತವೆ, ಕಾಡುಕಲ್ಲು ಕೆಳಗಿನಿಂದ ಸಿಡಿಯುತ್ತದೆ. ಕಾರ್ಖಾನೆಯ ಕಾಂತಿಯುಳ್ಳ ಮೈಯಲ್ಲಿ ಒಂದು ಗೀರಾದರೆ ಯಜಮಾನನು ಪೇಟೆಗೆ ಓಡಬೇಕು. ಎನಾಮೆಲ್ ಹಚ್ಚಿದ ಮೈಯಲ್ಲಾದರೆ ಗೀರನ್ನು ಉಜ್ಜಿ, ಪ್ರೈಮರ್ ಮುಟ್ಟಿಸಿ, ಉಳಿಸಿಕೊಂಡ ಡಬ್ಬದಿಂದ ಒಂದಿಷ್ಟು ಹಚ್ಚಿದರೆ ತುಕ್ಕಿನ ದಾರಿ ಅಲ್ಲಿಗೆ ಕಟ್ಟುತ್ತದೆ. ತನ್ನ ಒಡೆಯನೇ ತಿದ್ದಬಲ್ಲ ಬಣ್ಣವೇ ದುಡಿಯುವ ವಾಹನಕ್ಕೆ ತಕ್ಕ ಬಣ್ಣವೆಂದು ನಾನು ಹೇಳುವುದು ಇದರಿಂದಲೇ.

ಕೊನೆಯ ಪದರವು ಮುಟ್ಟಿದರೆ ಅಂಟದಂತಾದ ಮಾತ್ರಕ್ಕೆ ಒಳಗೆ ಗಟ್ಟಿಯಾಯಿತೆಂದು ಭಾವಿಸಬಾರದು. ಕೆಲವು ವಾರಗಳವರೆಗೆ ಚೀಲ ಹೇರದಿರುವುದೂ, ಸೋಪು ಹಾಕಿ ತೊಳೆಯದಿರುವುದೂ ಒಳ್ಳೆಯದು. ನೆಲದ ತಗಡಿನಲ್ಲಿ ನೀರಿಳಿಯಲೆಂದು ಇಟ್ಟ ರಂಧ್ರಗಳಲ್ಲಿ ಬಣ್ಣ ಕಟ್ಟಿಕೊಂಡಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿಡಬೇಕು. ಆ ರಬ್ಬರ್ ಮ್ಯಾಟನ್ನಂತೂ ಮತ್ತೆ ಹಾಸದಿರುವುದೇ ಲೇಸು.