ಗುರಿ ಇದ್ದೂ ಬಾಯಿ ಬಿಡದವರು

ಪರೀಕ್ಷೆಗೆ ಮುಂಚೆ ‘ಎಷ್ಟು ಅಂಕ ಬರಬಹುದು?’ ಎಂದು ಕೇಳಿದರೆ ಜಾಣ ವಿದ್ಯಾರ್ಥಿಗಳೂ ‘ನೋಡೋಣ’ ಎಂದು ಜಾರಿಕೊಳ್ಳುತ್ತಾರೆ. ತೊಂಬತ್ತು ಎಂದು ಹೇಳಿ ಎಂಬತ್ತು ಬಂದರೆ ನೆಂಟರಿಷ್ಟರ ಬಾಯಿಗೆ ಬೀಳಬೇಕಲ್ಲ! ಪರಿಸರದ ವಿಷಯದಲ್ಲಿ ಈಗ ಅನೇಕ ದೊಡ್ಡ ಕಂಪೆನಿಗಳೂ ಹೀಗೆಯೇ ಜಾರಿಕೊಳ್ಳುತ್ತಿವೆ. ಈ ಮೌನಕ್ಕೆ ‘ಗ್ರೀನ್‌ಹಶಿಂಗ್’ ಎಂಬ ಹೆಸರೂ ಹುಟ್ಟಿಕೊಂಡಿದೆ.

ಹಿಂದೆ ಕಥೆ ತಿರುಗುಮುರುಗಾಗಿತ್ತು. ಮಾಡಿದ್ದು ಚೂರು, ಹೇಳಿಕೊಂಡದ್ದು ಊರು ತುಂಬ. ಫೋಕ್ಸ್‌ವ್ಯಾಗನ್ ಕಂಪೆನಿ ‘ಶುದ್ಧ ಡೀಸೆಲ್’ ಎಂದು ಹೊಗಳಿ ಮಾರಿದ ಕಾರುಗಳಲ್ಲಿ ಹೊಗೆ ತಪಾಸಣೆಯನ್ನೇ ವಂಚಿಸುವ ತಂತ್ರಾಂಶ ಇದ್ದದ್ದು 2015ರಲ್ಲಿ ಬಯಲಾಯಿತು. ಅಂಥ ತಂತ್ರಾಂಶವಿದ್ದ ಕಾರುಗಳು ಜಗತ್ತಿನಾದ್ಯಂತ ಸುಮಾರು 1.1 ಕೋಟಿ. ಇಂಥ ಹಗರಣಗಳ ನಂತರ ಜನರು, ನ್ಯಾಯಾಲಯಗಳು, ಸರ್ಕಾರಗಳು ಹಸಿರು ಮಾತಿಗೆ ಪುರಾವೆ ಕೇಳತೊಡಗಿದರು.

ಪುರಾವೆ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಕೆನಡಾ ಒಳ್ಳೆಯ ನಿದರ್ಶನ. ಅಲ್ಲಿನ ಆಲ್ಬರ್ಟಾ ಪ್ರಾಂತ್ಯದಲ್ಲಿ ತೈಲ ಮರಳಿನಿಂದ ಕಚ್ಚಾ ತೈಲ ತೆಗೆಯುವ ಆರು ದೊಡ್ಡ ಕಂಪೆನಿಗಳು ‘ಪಾತ್‌ವೇಸ್ ಅಲೈಯನ್ಸ್’ ಎಂಬ ಒಕ್ಕೂಟ ಕಟ್ಟಿಕೊಂಡಿದ್ದವು. ತೈಲ ತೆಗೆಯುವಾಗ ಹೊರಬೀಳುವ ಇಂಗಾಲವನ್ನು 2050ರೊಳಗೆ ನಿವ್ವಳ ಶೂನ್ಯಕ್ಕೆ ಇಳಿಸುವುದಾಗಿ ಅದು ಜಾಹೀರಾತು ನೀಡಿತ್ತು. ಇಂಥ ಹೇಳಿಕೆಗೆ ತಕ್ಕ ಆಧಾರವಿರಬೇಕು, ಇಲ್ಲದಿದ್ದರೆ ಭಾರಿ ದಂಡ ಎಂಬ ಕಾನೂನು 2024ರ ಜೂನ್‌ನಲ್ಲಿ ಬಂತು. ಬೆನ್ನಲ್ಲೇ ಒಕ್ಕೂಟ ತನ್ನ ಜಾಲತಾಣದ ಬರಹವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿತು. ಕಾನೂನು ಸ್ಪಷ್ಟವಾಗಿಲ್ಲ ಎಂಬುದು ಅದರ ವಾದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಗಾದೆ ನೆನಪಾದರೆ ಆಶ್ಚರ್ಯವಿಲ್ಲ.

ಹಾಗೆಂದು ಸುಮ್ಮನಿರುವವರೆಲ್ಲ ಕಳ್ಳರಲ್ಲ. ಇಪ್ಪತ್ತು ವರ್ಷ ಮುಂದಿನ ಗುರಿ ಮುಟ್ಟುವುದು ಕಂಪೆನಿಯೊಂದರ ಕೈಯಲ್ಲೇ ಇರುವುದಿಲ್ಲ. ಕಚ್ಚಾವಸ್ತು ಒದಗಿಸುವವರು, ವಿದ್ಯುತ್ತು, ಸರ್ಕಾರದ ನೀತಿ ಎಲ್ಲವೂ ಕೂಡಿಬರಬೇಕು. ಗುರಿ ಹೇಳಿ ಅರ್ಧ ದಾರಿ ಕ್ರಮಿಸಿದವರಿಗೆ ಬೈಗುಳ; ಏನೂ ಹೇಳದೆ ಏನೂ ಮಾಡದವರ ತಂಟೆಗೆ ಯಾರೂ ಹೋಗರು. ಇದು ನ್ಯಾಯವಲ್ಲ.

ಆದರೂ ಮೌನದ ನಷ್ಟ ದೊಡ್ಡದು. ಹೇಳದ ಗುರಿಯನ್ನು ಅಳೆಯುವವರು ಯಾರು? ಅದನ್ನು ಸದ್ದಿಲ್ಲದೆ ಕೈಬಿಟ್ಟರೆ ಕೇಳುವವರು ಯಾರು? ಅದಕ್ಕೇ ಲೆಕ್ಕ ಕೊಡುವುದನ್ನು ಕಂಪೆನಿಯ ಇಷ್ಟಕ್ಕೆ ಬಿಡಬಾರದು. ಭಾರತದಲ್ಲಿ ಷೇರುಪೇಟೆಯ ಮೊದಲ 1,000 ಕಂಪೆನಿಗಳು ವಿದ್ಯುತ್ತು, ನೀರು, ತ್ಯಾಜ್ಯ, ಇಂಗಾಲಗಳ ಲೆಕ್ಕ ಕೊಡುವುದನ್ನು ‘ಸೆಬಿ’ 2022–23ರಿಂದ ಕಡ್ಡಾಯ ಮಾಡಿತು. ಕ್ಯಾಂಪಸ್ ಸಂದರ್ಶನಕ್ಕೆ ಹೊರಟ ಮಕ್ಕಳು, ಅವರ ತಂದೆತಾಯಂದಿರು ಸಂಬಳದ ಜೊತೆಗೆ ಈ ಪುಟಗಳನ್ನೂ ತಿರುವಿ ನೋಡುವುದು ಒಳ್ಳೆಯದು. ಕಳೆದ ವರ್ಷಕ್ಕಿಂತ ಅಂಕಿ ಇಳಿದಿದೆಯೇ, ಏರಿದೆಯೇ ಎಂದು ತಿಳಿಯಲು ಜಾಹೀರಾತು ಬೇಕಿಲ್ಲ.