ಉರಿಗಾಂನಲ್ಲಿ ಹಲಗೆ ಅಣಬೆಗಳ ಬೇಟೆ

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ಕಡೆಗೆ ಒಂದು ಪುಟ್ಟ ಕವಲು ರೈಲುಹಾದಿ ಹೊರಡುತ್ತದೆ. ಕೋರಮಂಡಲ್ ದಾಟಿದರೆ ಉರಿಗಾಂ. ಈ ಕೆ.ಜಿ.ಎಫ್. ಸೀಮೆಗೆ ಬಂದವರೆಲ್ಲ ನೋಡುವುದು ಗಣಿಯ ಕಬ್ಬಿಣದ ಗೋಪುರಗಳನ್ನು, ಬೋಳು ಸೈನೈಡ್ ದಿಬ್ಬಗಳನ್ನು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಣ್ಣನ ಮಗಳು ಪುಟ್ಟಿಯ ಜೊತೆ ನಾನು ಮೊನ್ನೆ ಅಲ್ಲಿಗೆ ಹೋದದ್ದು ಮಾತ್ರ ಅಣಬೆ ಹುಡುಕಲು!

“ಇಲ್ಲಿ ಮಳೆಯೇ ಕಡಿಮೆ, ಅಣಬೆ ಎಲ್ಲಿಂದ ಬರಬೇಕು ಅತ್ತೆ?” ಎಂದಳು ಪುಟ್ಟಿ. ಮಳೆ ಬಂದ ಮರುದಿನ ನೆಲದಲ್ಲಿ ಏಳುವ ನಾಯಿಕೊಡೆ ಎರಡೇ ದಿನಕ್ಕೆ ಬಾಡುತ್ತದೆ, ನಿಜ. ಆದರೆ ಗೋಡೆಗೆ ಹೊಡೆದ ಹಲಗೆಯಂತೆ ಮರಕ್ಕೆ ಅಂಟಿ ಬೆಳೆಯುವ ಅಣಬೆಗಳಿವೆ. ಇಂಗ್ಲಿಷಿನವರು ಬ್ರಾಕೆಟ್ ಫಂಗಸ್ ಅನ್ನುತ್ತಾರೆ. ನಾವು ಹಲಗೆ ಅಣಬೆ ಅನ್ನೋಣ. ಇವುಗಳಲ್ಲಿ ಹಲವು ಒಣಗಿದರೂ ತಿಂಗಳುಗಟ್ಟಲೆ ಹಾಗೇ ಇರುತ್ತವೆ.

ರಸ್ತೆ ಬದಿ ಬಿದ್ದಿದ್ದ ಹೊಂಗೆಯ ಕೊಂಬೆಯಲ್ಲೇ ಮೊದಲನೆಯದು ಸಿಕ್ಕಿತು. ಬಿಸಿಲಿಗೆ ಮೈಯೊಡ್ಡಿದ್ದ, ತೆಳ್ಳಗಿನ, ಕೆಂಪು ಬೆರೆತ ಕಿತ್ತಳೆ ಬಣ್ಣದ ಬೀಸಣಿಗೆ. ಹೆಸರು ಪಿಕ್ನೊಪೊರಸ್. ಭೂತಗನ್ನಡಿ ಹಿಡಿದು ಅಡಿಭಾಗ ನೋಡಿದರೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ರಂಧ್ರಗಳು. ಅಣಬೆಯ ಬೀಜಕಗಳು ಉದುರುವುದು ಇಲ್ಲಿಂದಲೇ.

ಮುಂದೆ ಒಂದು ಸೌದೆ ರಾಶಿ. ಅದರ ಮೇಲೆ ಉಗುರಿನಷ್ಟಗಲದ, ಬಿಳಿ ತುಪ್ಪಳದ ಪುಟ್ಟ ಬೀಸಣಿಗೆಗಳು. ಇದು ಸ್ಕಿಜೊಫಿಲಮ್. ಹಲಗೆಯಂತೆ ಕಂಡರೂ ಅಡಿಯಲ್ಲಿ ರಂಧ್ರಗಳಿಲ್ಲ. ಬದಲಿಗೆ ಉದ್ದಕ್ಕೂ ಸೀಳಿದಂಥ ಪದರಗಳಿವೆ. ಬಿಸಿಲಿಗೆ ಈ ಸೀಳುಗಳು ಸುರುಳಿಯಾಗಿ ಮುಚ್ಚಿಕೊಳ್ಳುತ್ತವೆ, ತೇವ ತಗುಲಿದರೆ ಬಿಚ್ಚಿಕೊಳ್ಳುತ್ತವೆ. ನೀರು ಚಿಮುಕಿಸಿ ಟೀ ಕುಡಿಯಲು ಹೊರಟೆವು.

ಟೀ ಗಾಡಿ ಇದ್ದದ್ದು ಒಂದು ಹಳೆಯ ಗುಲ್‌ಮೊಹರ್ ಮರದ ಕೆಳಗೆ. ಅಲ್ಲೇ ಬೆಂಚಿನ ಮೇಲೆ ನಾಲ್ಕಾರು ಮಕ್ಕಳು ಸ್ಕೂಲ್ ಆಟೋಗಾಗಿ ಕಾಯುತ್ತಿದ್ದರು. ಪುಟ್ಟಿ ಮರದ ಬುಡಕ್ಕೆ ಬಗ್ಗಿ, “ಅತ್ತೆ, ಇಲ್ನೋಡಿ!” ಎಂದಳು. ಅಂಗೈಯಗಲದ ಮೂರು ಹಲಗೆಗಳು. ಮೇಲೆ ವಾರ್ನಿಷ್ ಬಳಿದಂಥ ಕೆಂಗಂದು ಹೊಳಪು, ಅಂಚಿಗೆ ಬಿಳಿ. ಕೆಳಗಿನ ಎಲೆಗಳ ಮೇಲೆ ಕೋಕೋ ಪುಡಿಯಂಥ ಕಂದು ಧೂಳು. ಅದೇ ಬೀಜಕ. ಇದು ಗ್ಯಾನೊಡರ್ಮಾ. ತೆಂಗು, ಅಡಿಕೆ ಬೆಳೆಗಾರರಿಗೆ ‘ಅಣಬೆ ರೋಗ’ವೆಂದು ಇದರ ಪರಿಚಯ ಚೆನ್ನಾಗಿಯೇ ಇದೆ.

ಮರದ ತುದಿಯಲ್ಲಿ ಎಲೆ ಹಸಿರಾಗಿಯೇ ಇತ್ತು. ಆದರೆ ಹೊರಗೆ ಕಾಣುವ ಹಲಗೆ ಅಣಬೆಯ ಹಣ್ಣಿದ್ದಂತೆ. ಅದರ ಮೈಯೆಲ್ಲ ಬಿಳಿ ಎಳೆಗಳಾಗಿ ಮರದೊಳಗೆ ಹರಡಿ, ತಿರುಳನ್ನು ಕರಗಿಸಿ ತಿನ್ನುತ್ತಿರುತ್ತದೆ. ಈ ಊರೂ ಹಾಗೇ ಅಲ್ಲವೇ? ಮೇಲೆ ಕಾಣುವುದು ಒಂದೊಂದು ಗೋಪುರ, ಕೆಳಗೆ 3 ಕಿಲೋಮೀಟರಿಗೂ ಆಳದವರೆಗೆ ಸುರಂಗಗಳು.

ಟೀ ಅಂಗಡಿಯ ತಾತನಿಗೆ ಹೇಳಿದೆ. ಅವರು ನಗಲಿಲ್ಲ. “ನಮ್ಮಪ್ಪ ಗಣಿಯಲ್ಲಿದ್ದೋರು ಕಣಮ್ಮ. ಬಂಡೆ ತಟ್ಟಿ ಸದ್ದು ಕೇಳಿಯೇ ಅದರ ಕೆಳಗೆ ಹೋಗ್ತಿದ್ರು” ಎನ್ನುತ್ತಾ ಕಲ್ಲು ತೆಗೆದುಕೊಂಡು ಮರದ ಸುತ್ತ ತಟ್ಟಿದರು. ಒಂದು ಕಡೆ ಟಣ್ ಟಣ್. ಅಣಬೆ ಇದ್ದ ಕಡೆ ಡೊಬ್ ಡೊಬ್. ಮಾತಿಲ್ಲದೆ ಬೆಂಚಿನ ಒಂದು ತುದಿ ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ. ಮಕ್ಕಳನ್ನು ರಸ್ತೆಯ ಆಚೆ ಬದಿಗೆ ಕೂರಿಸಿದೆವು. ಗಾಡಿಯನ್ನೂ ಅಂದೇ ಸರಿಸಿ, ನಗರಸಭೆಗೆ ತಿಳಿಸುವುದಾಗಿ ತಾತ ಹೇಳಿದರು. ಅಣಬೆ ಕಂಡ ಮರವೆಲ್ಲ ನಾಳೆಯೇ ಬೀಳುವುದಿಲ್ಲ. ಆದರೆ ಬುಡದಲ್ಲಿ ಕಂಡರೆ ಬಲ್ಲವರಿಗೆ ತೋರಿಸಲೇಬೇಕು. ಮರಳಿ ಸೌದೆ ರಾಶಿಗೆ ಬಂದಾಗ ಪುಟ್ಟ ಬೀಸಣಿಗೆಗಳು ಅರಳಿಕೊಂಡಿದ್ದವು.

ಹಾಗಾದರೆ ಹಲಗೆ ಅಣಬೆ ಕೆಟ್ಟದ್ದೇ? ಇಲ್ಲ ಮಕ್ಕಳೇ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಾಡಿನಲ್ಲಿ ಬಿದ್ದ ಮರವನ್ನು ಮತ್ತೆ ಮಣ್ಣಾಗಿಸುವುದು ಇಂಥ ಅಣಬೆಗಳೇ. ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತುವನ್ನು ಕರಗಿಸಬಲ್ಲ ಜೀವಿಗಳು ಬಹಳ ಕಡಿಮೆ. ಅವು ಇಲ್ಲದಿದ್ದರೆ ಸತ್ತ ಮರಗಳೂ ಸೈನೈಡ್ ದಿಬ್ಬದಂತೆ ರಾಶಿ ಬೀಳುತ್ತಿದ್ದವು.

ನೀವೂ ಹುಡುಕಿ. ಐದು ಸಂಗತಿ ಬರೆದಿಟ್ಟುಕೊಳ್ಳಿ: ಯಾವ ಮರ, ಅದು ಬದುಕಿದೆಯೋ ಸತ್ತಿದೆಯೋ, ಅಣಬೆ ಇರುವುದು ಬುಡದಲ್ಲೋ ಕೊಂಬೆಯಲ್ಲೋ, ಮೇಲಿನ ಬಣ್ಣ ಯಾವುದು, ಅಡಿಯಲ್ಲಿರುವುದು ರಂಧ್ರವೋ ಪದರವೋ. ಅಡಿಭಾಗ ನೋಡಲು ಪುಟ್ಟ ಕನ್ನಡಿ ಹಿಡಿದರೆ ಸಾಕು, ಕೀಳಬೇಕಿಲ್ಲ. ಬಾಯಿಗಂತೂ ಹಾಕಲೇಬೇಡಿ. ಕಾಮಸಮುದ್ರದ ಕಡೆ ಆನೆಗಳು ಓಡಾಡುತ್ತವೆ, ಆದ್ದರಿಂದ ಹುಡುಕಾಟ ನಿಮ್ಮ ಬೀದಿಯ ಮರದಿಂದಲೇ ಶುರುವಾಗಲಿ.